ಕಂದು ಗುಂಡಿ

ನವೆಂಬರ್ 11

ಅಪ್ಪಾ,

ಪುಟ್ಟಿಯ ಕೆಮ್ಮು ಇಳಿದಿದೆ. ಎದೆಯಲ್ಲಿ ಗೊರಗೊರ ಅನ್ನುತ್ತಿದ್ದದ್ದು ನಿಂತಿದೆ. ಡಾಕ್ಟರು ಅವಳ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಆಮೇಲೆ ನನ್ನ ಮುಖ ನೋಡಿ, "ಇವಳು ಚೆನ್ನಾಗಿದ್ದಾಳೆ. ನಿಮಗೇನಾದ್ರೂ ಬರೆದುಕೊಡ್ಲಾ?" ಅಂದರು. ಅಲ್ಲಿ ನಗು ಬಂತು. ಮನೆಗೆ ಬಂದ ಮೇಲೆ ಅಳು ಬಂತು.

ನಿದ್ದೆಯದೇ ತೊಂದರೆ. ಪುಟ್ಟಿ ಮಲಗಿದರೂ ನಾನು ಮಲಗುವುದಿಲ್ಲ. ಉಸಿರು ಕೇಳಿಸುತ್ತಿದೆಯಾ ಅಂತ ಬಗ್ಗಿ ಬಗ್ಗಿ ನೋಡುತ್ತೇನೆ. ಕೇಳಿಸಿದರೆ, ಯಾಕಿಷ್ಟು ಜೋರಾಗಿ ಕೇಳಿಸುತ್ತಿದೆ ಅಂತ ಹೆದರುತ್ತೇನೆ. "ಉಸಿರಾಡೋ ಕೆಲಸ ಮಗುಗೇ ಬಿಡಮ್ಮಾ, ಅದಕ್ಕೂ ನಿನ್ನ ಉಸ್ತುವಾರಿ ಬೇಕಾಗಿಲ್ಲ" ಅನ್ನುತ್ತಾರೆ ಅತ್ತೆ. ನಿಮ್ಮ ಅಳಿಯ ಏನೂ ಅನ್ನುವುದಿಲ್ಲ. ದಿನವಿಡೀ ಲಿಫ್ಟ್ ರಿಪೇರಿ ಮಾಡಿ ಬರುವವರು, ತಲೆ ದಿಂಬಿಗೆ ತಾಗುವ ಮೊದಲೇ ನಿದ್ದೆಗೆ ಇಳಿದುಬಿಡುತ್ತಾರೆ.

ಕಾಗದ ಯಾಕೆ ಬರೆಯುತ್ತಿದ್ದೇನೆ ಅಂದರೆ, ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ. ನಿಮಗೆ ಕೇಳಿಸುವಷ್ಟು ಜೋರಾಗಿ ಹೇಳಿದರೆ ಇಡೀ ಕಟ್ಟಡಕ್ಕೆ ಕೇಳಿಸುತ್ತದೆ.

ನಿಮ್ಮ ಬೋಧನೆಯ ಕೋಟಿಗೆ ಕೆಳಗಿನ ಗುಂಡಿ ಹೊಲಿಸಿಕೊಂಡಿರಾ? ನನಗೆ ಬುದ್ಧಿ ಬಂದಾಗಿನಿಂದ ಅದು ಇಲ್ಲ. ಸಭೆಯ ಮಕ್ಕಳೆಲ್ಲ ನೀವು ಬೋಧನೆ ಮುಗಿಸುವ ತನಕ ಆ ಖಾಲಿ ದಾರವನ್ನೇ ನೋಡುತ್ತಾ ಕೂರುತ್ತಿದ್ದೆವು. ಕೆಲವು ಭಾನುವಾರ ಆ ದಾರವೂ ನಿದ್ದೆ ಹೋಗುತ್ತಿತ್ತು.

ಇಷ್ಟು ಸುತ್ತಿ ಬಳಸಿ ಬರೆಯುತ್ತಿದ್ದೇನೆ ಅಂದ ಮೇಲೆ ನಿಮಗೆ ಗೊತ್ತಾಗಿರಬೇಕು. ಚಿಕ್ಕವಳಿದ್ದಾಗ ಲೋಟ ಒಡೆದರೆ ಮೊದಲು ಹೋಗಿ ನಿಮ್ಮ ಬೂಟು ಒರೆಸಿಡುತ್ತಿದ್ದವಳು ನಾನು.

ನಾನು ನಮ್ಮ ಪ್ರಾಟೆಸ್ಟಂಟ್ ಸಭೆ ಬಿಟ್ಟು ಕಥೋಲಿಕ ಸಭೆಗೆ ಸೇರಬೇಕು ಅಂತ ಇದ್ದೇನೆ. ಈಸ್ಟರಿಗೆ.

ಯಾರೂ ಒತ್ತಾಯ ಮಾಡಿಲ್ಲ. ಅವರ ಸಭೆಗೆ ನನ್ನನ್ನು ಎಳೆಯಬಾರದು ಅಂತ ಮದುವೆಯ ದಿನ ನೀವು ಅತ್ತೆಯ ಹತ್ತಿರ ಮಾತು ತೆಗೆದುಕೊಂಡಿದ್ದಿರಿ. ಅವರು ಆ ಮಾತು ಉಳಿಸಿಕೊಂಡಿದ್ದಾರೆ. ಜಪಸರ ಹಿಡಿಯುವಾಗ ನನ್ನ ಮುಂದೆ ತುಟಿ ಕೂಡ ಅಲುಗಿಸುವುದಿಲ್ಲ. ನಾನೇ ಹೋದೆ. ಮೂಲೆಯ ಚರ್ಚಿನ ಬಾಗಿಲು ಬೆಳಿಗ್ಗೆಯೇ ತೆರೆದಿರುತ್ತದೆ. ನಿದ್ದೆಗೆಟ್ಟ ತಲೆ ಹೊತ್ತುಕೊಂಡು, ತಳ್ಳುಗಾಡಿಯಲ್ಲಿ ಪುಟ್ಟಿಯನ್ನು ಮಲಗಿಸಿಕೊಂಡು, ಒಳಗೆ ಹೋಗಿ ಸುಮ್ಮನೆ ಕೂರುತ್ತಿದ್ದೆ. ಪೀಠದ ಪಕ್ಕದಲ್ಲಿ ಒಂದು ಕೆಂಪು ದೀಪ ಇದೆ. ಅದನ್ನು ಆರಿಸುವುದೇ ಇಲ್ಲವಂತೆ. ಲೋಕವೆಲ್ಲ ಮಲಗಿದಾಗ ನಾನೊಬ್ಬಳೇ ಎಚ್ಚರ ಅಂದುಕೊಂಡು ಬಂದವಳಿಗೆ, ಇಲ್ಲೂ ಯಾರೋ ಮಲಗಿಲ್ಲ ಅನ್ನಿಸಿತು. ನಮ್ಮ ದೇವಾಲಯಕ್ಕೆ ಭಾನುವಾರದಿಂದ ಭಾನುವಾರದವರೆಗೆ ಬೀಗ. ಕೀಲಿಕೈ ನಿಮ್ಮ ಜೇಬಿನಲ್ಲಿ. ಇದನ್ನು ದೂರು ಅಂತ ಬರೆಯುತ್ತಿಲ್ಲ.

ಒಂದು ಕನಸೂ ಇದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು ಕನಸಿನ ಮಾತು ಆಡಲು ನಾಚಿಕೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಬಡಗಿಯ ಮಗ ನಮ್ಮ ಸಭೆ ಬಿಟ್ಟು ಹೋದ ಮೇಲೆ, ಅವನು ಎದುರಿಗೆ ಬಂದಾಗ ನೀವು ರಸ್ತೆ ದಾಟಿ ಆ ಕಡೆಗೆ ಹೋದದ್ದನ್ನು ನಾನು ನೋಡಿದ್ದೇನೆ. ನಿಮ್ಮ ಕೈ ಹಿಡಿದುಕೊಂಡಿದ್ದೆ, ನಾನೂ ದಾಟಿದೆ. ಇನ್ನು ಮುಂದೆ ಪುಟ್ಟಿಯನ್ನು ಕರೆದುಕೊಂಡು ನಿಮ್ಮ ಮನೆಗೆ ಬರಬಹುದಾ ಇಲ್ಲವಾ, ಅದೊಂದೇ ನನ್ನ ಹೆದರಿಕೆ.

ನಿಮ್ಮ
ಚಿಕ್ಕಿ


ನವೆಂಬರ್ 24

ಮಗಳೇ,

ಕಾಗದ ಬಂತು. ಎರಡು ಸಲ ಓದಿದೆ. ಎರಡನೆಯ ಸಲವೂ ಅದೇ ಇತ್ತು.

ಮಗುವಿನ ಎದೆಗೆ ಗಾಳಿ ತಾಗದಂತೆ ನೋಡಿಕೊ. ಬೆಳಗಿನ ತಂಡಿಯಲ್ಲಿ ಎಲ್ಲಿಗೂ ಕರೆದುಕೊಂಡು ಹೋಗಬೇಡ. ಎಲ್ಲಿಗೂ ಅಂದರೆ ಎಲ್ಲಿಗೂ. ಕೋಟಿನ ವಿಷಯ ಬಿಡು.

ನಿನ್ನ ಅತ್ತೆ ಮಾತಿಗೆ ತಪ್ಪುವವರಲ್ಲ ಅಂತ ಬಲ್ಲೆ. ಹಾಗಾಗಿ ಅವರ ಮೇಲೆ ಹೊರಿಸಿ ಹಗುರಾಗುವ ದಾರಿಯೂ ನನಗಿಲ್ಲ.

ದೇವರಿಗೂ ಮನುಷ್ಯನಿಗೂ ನಡುವೆ ಚಿತ್ರ ಬೇಡ, ಮೂರ್ತಿ ಬೇಡ, ಮೇಣದ ಬತ್ತಿ ಬೇಡ ಅಂತ ಆಯುಷ್ಯವೆಲ್ಲ ಹೇಳಿದವನು ನಾನು. ಮೊದಲ ಸಾಲಿನಲ್ಲಿ ಕೂತು ಕೇಳಿದವಳು ನೀನು. ಕೇಳಿಸಲಿಲ್ಲವೋ, ಸಾಲಲಿಲ್ಲವೋ? ಇದಕ್ಕೆ ಉತ್ತರ ಬರೆಯಬೇಡ. ಯಾವ ಉತ್ತರ ಬಂದರೂ ನನಗೆ ಕಷ್ಟ.

ಕನಸನ್ನು ನಾನು ಗೇಲಿ ಮಾಡುವವನಲ್ಲ. ಆದರೆ ಕನಸು ಹೇಳುವವರು ಪೂರ್ತಿ ಹೇಳಬೇಕು. ತಮಗೆ ಬೇಕಾದ ಅರ್ಧ ಹೇಳಿ, ಅದಕ್ಕೆ ತಮಗೆ ಬೇಕಾದ ಅರ್ಥ ಕೇಳುವ ಜನರನ್ನು ಬಹಳ ನೋಡಿದ್ದೇನೆ. ಏನೂ ಬಿಡದೆ ಬರೆ.

ಇತಿ,
ಅಪ್ಪ


ಡಿಸೆಂಬರ್ 6

ಅಪ್ಪಾ,

ಏನೂ ಬಿಡುವುದಿಲ್ಲ.

ನನಗೆ ಸ್ವಲ್ಪ ನಿದ್ದೆ ಬರುವುದು ಹಗಲು ಹೊತ್ತು, ಪುಟ್ಟಿಗೆ ಸ್ನಾನವಾಗಿ ಅವಳು ಮಲಗಿದ ಮೇಲೆ. ಕನಸೂ ಆಗಲೇ. ಒಂದು ಕಿಟಕಿ, ಗಾಜಿನ ತುಂಬ ಆವಿ. ಬಿಸಿ ಸೋಪಿನ ವಾಸನೆ. ಕನಸಿನಲ್ಲಿ ವಾಸನೆ ಬರುತ್ತದಾ ಅಪ್ಪಾ? ನನಗೆ ಬರುತ್ತದೆ. ನೀಲಿ ಬಟ್ಟೆಯ ಒಬ್ಬ ಹೆಂಗಸು. ತುಂಬಾ ಎತ್ತರ. ನಾನು ಎಷ್ಟು ಕತ್ತೆತ್ತಿದರೂ ಗಲ್ಲದ ಅಡಿಭಾಗ ಕಾಣುತ್ತದೆಯೇ ಹೊರತು ಮುಖ ಕಾಣುವುದಿಲ್ಲ. ಎಲ್ಲೋ ಮಗು ಅಳುತ್ತಿರುತ್ತದೆ. ಅವಳು ಬಗ್ಗುತ್ತಾಳೆ, ಎತ್ತಿಕೊಳ್ಳುತ್ತಾಳೆ. ತೋಳು ಮೊಣಕೈವರೆಗೂ ಒದ್ದೆ. ಆ ಒದ್ದೆ ನನ್ನ ಕೆನ್ನೆಗೆ ತಾಗುತ್ತದೆ. ಮಾತಿಲ್ಲ. ಅಳು ನಿಲ್ಲುತ್ತದೆ. ಎಚ್ಚರವಾದಾಗ ಪುಟ್ಟಿ ಬಾಯಿ ತೆರೆದುಕೊಂಡು ಮಲಗಿರುತ್ತಾಳೆ, ನನ್ನ ಭುಜ ಸಡಿಲವಾಗಿರುತ್ತದೆ. ಹೀಗೆ ಎಷ್ಟೋ ಸಲ.

ತಡೆಯಲಾರದೆ ಅತ್ತೆಗೆ ಹೇಳಿದೆ. ಅವರು ಒಣಗಿದ ಬಟ್ಟೆ ಮಡಿಸುತ್ತಿದ್ದರು.

"ನೀಲಿ ಅಂದ್ಯಾ?"

"ನೀಲಿ."

"ಎತ್ತರ?"

"ಚಾವಣಿ ತನಕ."

"ಮಗುನ ಎತ್ಕೊಂಡ್ಳು, ಮಾತಾಡ್ಲಿಲ್ಲ." ಅತ್ತೆ ಕೈಯಲ್ಲಿದ್ದ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡರು. "ಯಾರು ಅಂತ ನನ್ನನ್ನ ಕೇಳ್ತೀಯಲ್ಲೇ ಹುಚ್ಚಿ! ದೇವಮಾತೆ ಕಣೇ, ದೇವಮಾತೆ!"

"ಆದ್ರೆ ಅತ್ತೆ, ಬಟ್ಟೆಗೆ ಗುಂಡಿಗಳಿದ್ವು. ಎಲ್ಲಾ ನೀಲಿ, ಮೇಲಿಂದ ಎರಡನೇದು ಮಾತ್ರ ಕಂದು. ದೊಡ್ಡದು. ಬೇರೆ ಯಾವುದೋ ಬಟ್ಟೆದು ತಂದು ಹೊಲಿದ ಹಾಗೆ."

ಅತ್ತೆ ಟವೆಲ್ಲಿನಿಂದ ಮುಖ ಹೊರಗೆ ತೆಗೆದು, ಅದನ್ನು ನಾಲ್ಕು ಮಡಿಕೆ ಮಾಡಿಟ್ಟರು. "ಗುಂಡಿ ವಿಷಯ ಫಾದರ್ ಹತ್ರ ಹೇಳೋಕೆ ಹೋಗ್ಬೇಡ" ಅಂದರು.

ನಾನು ಹೇಳಲಿಲ್ಲ. ನೀಲಿ ಹೇಳಿದೆ, ಎತ್ತರ ಹೇಳಿದೆ, ಮೌನ ಹೇಳಿದೆ. ಗುಂಡಿ ಬಿಟ್ಟೆ. ಪೂರ್ತಿ ಹೇಳಬೇಕು ಅಂತ ನೀವು ಬರೆದದ್ದನ್ನು ಓದಿದ ಮೇಲೆ ಆ ಗುಂಡಿ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿದೆ.

ಯಾಕೆ ಬಿಟ್ಟೆ ಅಂದರೆ, ಅದು ದೇವಮಾತೆಯೇ ಆಗಿರಲಿ ಅಂತ ನನಗೇ ಆಸೆ. ಒಂದೂವರೆ ವರ್ಷಕ್ಕೇ ತಾಯಿಯನ್ನು ಕಳೆದುಕೊಂಡವಳು ನಾನು. ಗೋಡೆಗೆ ಮೊಳೆ ಹೊಡೆಯದ ನಮ್ಮ ಮನೆಯಲ್ಲಿ ಅಮ್ಮನ ಒಂದು ಫೋಟೋ ಕೂಡ ಇರಲಿಲ್ಲ. ಅಂಥವಳಿಗೆ ಯಾರಾದರೂ, ನಿನ್ನನ್ನು ನೋಡಿಕೊಳ್ಳುವ ತಾಯಿಯೊಬ್ಬಳು ಬಂದಿದ್ದಳು ಅಂದರೆ, ಗುಂಡಿ ಸರಿಯಾಗಿತ್ತಾ ಅಂತ ಯಾರು ವಿಚಾರಿಸುತ್ತಾರೆ?

ಬೈಯುವುದಾದರೂ ಬರೆಯಿರಿ.

ಚಿಕ್ಕಿ


ಜನವರಿ 19

ಅಪ್ಪಾ,

ನಿಮ್ಮ ಕಾಗದ ಬರಲಿಲ್ಲ. ಕ್ರಿಸ್‌ಮಸ್‌ಗೂ ನೀವು ಬರಲಿಲ್ಲ. ಪಕ್ಕದ ಮನೆಯವರಿಗೆ ಫೋನ್ ಮಾಡಿ, ನೀವು ಎಂದಿನಂತೆ ಓಡಾಡಿಕೊಂಡಿದ್ದೀರಿ ಅಂತ ತಿಳಿದುಕೊಂಡೆ. ಆರೋಗ್ಯವಾಗಿದ್ದಾರೆ ಅಂತ ಸಮಾಧಾನವಾಯಿತು. ಆರೋಗ್ಯವಾಗಿದ್ದೂ ಬರೆಯಲಿಲ್ಲವಲ್ಲ ಅಂತ ಮರುಕ್ಷಣವೇ ಈ ಕಾಗದ ತೆಗೆದುಕೊಂಡು ಕೂತೆ.

ಪುಟ್ಟಿಗೆ ಕೆಳಗೆ ಒಂದು ಹಲ್ಲು ಬಂದಿದೆ. ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ. ಅವರಪ್ಪನ ಸ್ಕ್ರೂಡ್ರೈವರಿನ ಹಿಡಿಯ ಮೇಲೂ ಅವಳ ಹಲ್ಲಿನ ಗುರುತಿದೆ.

ಫಾದರ್ ಹತ್ತಿರ ಪ್ರತಿ ವಾರ ಪಾಠಕ್ಕೆ ಹೋಗುತ್ತಿದ್ದೇನೆ. ಪಾಠ ನಡೆಯುವುದು ಚರ್ಚಿನ ಹಿಂದಿನ ಕೋಣೆಯಲ್ಲಿ, ಒಂದರ ಮೇಲೊಂದು ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳ ನಡುವೆ. ಮೊದಲ ದಿನವೇ ಕೇಳಿದೆ: "ನನಗೆ ಮತ್ತೆ ದೀಕ್ಷಾಸ್ನಾನ ಮಾಡಿಸ್ತೀರಾ ಫಾದರ್?"

"ಮುಂಚೆ ಆಗಿಲ್ವಾ?"

"ಆಗಿದೆ. ನಮ್ಮಪ್ಪನೇ ಕೊಟ್ಟಿದ್ದು. ಅವರು ಸಭಾಪಾಲಕರು."

"ಮತ್ತೆ ಇನ್ನೊಂದ್ಸಲ ಯಾಕಮ್ಮಾ? ಅವರು ಹಾಕಿದ್ದು ನೀರಲ್ವಾ?"

ನೀವು ಕೊಟ್ಟದ್ದು ಒಂದೇ ಸಾಕಂತೆ. ಅದನ್ನು ಯಾರೂ ಎರಡನೆಯ ಸಲ ಕೊಡುವ ಹಾಗಿಲ್ಲವಂತೆ. ನನಗೆ ಎಷ್ಟು ಹಗುರವಾಯಿತು ಅಂದರೆ, ಪುಟ್ಟಿಯನ್ನು ಎತ್ತಿಕೊಂಡು ಅಲ್ಲೇ ಅತ್ತುಬಿಟ್ಟೆ. ಆಮೇಲೆ ಫಾದರ್, "ಕೊಟ್ಟಿದ್ದೇನೆ ಅಂತ ಅವರ ಕೈಯಲ್ಲೇ ಒಂದು ಪತ್ರ ಬರೆಸಿ ತನ್ನಿ" ಅಂದರು. ನಿಮ್ಮಿಂದ ಹೊರಟು ಹೋಗಲು ನಿಮ್ಮದೇ ಕೈಬರಹ ಬೇಕು. ಕೇಳಲು ನನಗೆ ಮುಖವಿಲ್ಲ. ಕೇಳುತ್ತಿದ್ದೇನೆ.

ಇನ್ನೊಂದು ಗೋಳು. ಅತ್ತೆಯ ಬಾಯಿಂದ ಕನಸು ಚರ್ಚಿನಲ್ಲಿ ಹಾಡುವ ಕ್ವಾಯರಿನವರಿಗೆ ಹೋಗಿದೆ, ಅಲ್ಲಿಂದ ಇಡೀ ಬೀದಿಗೆ. ಅಂಗಡಿಯಲ್ಲಿ ಸೋಪು ಕೊಳ್ಳುತ್ತಿದ್ದರೆ ಗುರುತಿಲ್ಲದ ಹೆಂಗಸರು ಬಂದು ಪುಟ್ಟಿಯ ತಲೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಈಸ್ಟರಿನ ಜಾಗರಣೆ ಪೂಜೆಯಲ್ಲಿ ನಾನು ಎಲ್ಲರ ಮುಂದೆ ನಿಂತು ಆ ಕನಸನ್ನು ಹೇಳಬೇಕಂತೆ. ಆಗಲ್ಲ ಅನ್ನಲಿಲ್ಲ. ಹ್ಞೂಂ ಅಂದೆ. ಯಾರಾದರೂ ಖುಷಿಯಾಗಿ ಏನಾದರೂ ಕೇಳಿದರೆ ಹ್ಞೂಂ ಅನ್ನುವುದು ನನ್ನ ಹಳೆಯ ಕಾಯಿಲೆ.

ನಿಮ್ಮ ಅಳಿಯನಿಗೆ ಹೇಳಿಕೊಂಡೆ. "ನನ್ನನ್ನ ಮಧ್ಯೆ ಎಳೀಬೇಡ. ಎರಡು ಮಹಡಿ ನಡುವೆ ಸಿಕ್ಕಿಹಾಕ್ಕೊಂಡವರನ್ನ ನಾನು ದಿನಾ ನೋಡ್ತೀನಿ. ಅವರು ಮಾಡೋ ತಪ್ಪು ಒಂದೇ, ಒಳಗಿನಿಂದ ಬಾಗಿಲು ಕೀಳೋಕೆ ನೋಡ್ತಾರೆ" ಅಂದರು.

"ಮತ್ತೇನು ಮಾಡ್ಬೇಕು?"

"ಬೆಲ್ ಒತ್ತಿ ಕಾಯ್ಬೇಕು."

ಬೆಲ್ ಒತ್ತುತ್ತಿದ್ದೇನೆ ಅಪ್ಪಾ.

ಚಿಕ್ಕಿ


ಫೆಬ್ರವರಿ 8

ಮಗಳೇ,

ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿನಿಂದ ಅಲ್ಲ. ನಿನ್ನ ಡಿಸೆಂಬರಿನ ಕಾಗದ ಓದಿ, ಅದನ್ನು ಮೇಜಿನ ಮೇಲಿಟ್ಟು, ಏನು ಮಾಡುವುದೆಂದು ತಿಳಿಯದೆ ಕೂತೆ. ಬರೆದರೆ ನಿನ್ನನ್ನು ತಡೆಯಲು ಬರೆದ ಹಾಗೆ ಆಗುತ್ತದೆ. ಬರೆಯದಿದ್ದರೆ ನಿನ್ನದನ್ನು ಕದ್ದು ಇಟ್ಟುಕೊಂಡ ಹಾಗೆ ಆಗುತ್ತದೆ. ಕದಿಯುವುದು ಹೆಚ್ಚಿನ ತಪ್ಪು ಅನ್ನಿಸಿ ಈಗ ಬರೆಯುತ್ತಿದ್ದೇನೆ.

ನಿನ್ನ ಅಮ್ಮ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು ಅಂತ ನಿನಗೆ ಗೊತ್ತು. ನೀನು ಅವಳನ್ನು ನರ್ಸ್ ಅಂದುಕೊಂಡು ಶಾಲೆಯಲ್ಲಿ ಬಿಳಿ ಬಟ್ಟೆಯ ಚಿತ್ರ ಬರೆದಿದ್ದೆ. ನಾನೂ ತಿದ್ದಲಿಲ್ಲ. ಅವಳಿದ್ದದ್ದು ಬಟ್ಟೆ ಒಗೆಯುವ ವಿಭಾಗದಲ್ಲಿ. ಅಲ್ಲಿಯವರಿಗೆ ನೀಲಿ ಮೇಲಂಗಿ. ನಿನ್ನನ್ನು ಬಿಟ್ಟು ಹೋಗಲು ಯಾರೂ ಇರಲಿಲ್ಲ; ಬಟ್ಟೆಯ ಬುಟ್ಟಿಯೊಂದರಲ್ಲಿ ಮಲಗಿಸಿ ಕಿಟಕಿಯ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಮೇಲ್ವಿಚಾರಕಿ ಕಂಡರೂ ಕಾಣದ ಹಾಗೆ ಇರುತ್ತಿದ್ದರು. ಆ ಕೋಣೆಯ ಗಾಜಿನ ಮೇಲೆ ಯಾವಾಗಲೂ ಆವಿ. ನೀನು ಅತ್ತರೆ, ನೀರಿನ ತೊಟ್ಟಿಯಿಂದ ಕೈ ತೆಗೆದು ಹಾಗೆಯೇ ಬಂದು ಎತ್ತಿಕೊಳ್ಳುತ್ತಿದ್ದಳು. ಕೈ ಒರೆಸಿಕೊಳ್ಳುವ ತಾಳ್ಮೆ ಅವಳಿಗಿರಲಿಲ್ಲ. ಮಗುವಿಗೆ ಶೀತವಾಗುತ್ತದೆ ಅಂತ ನಾನು ಬೈಯುತ್ತಿದ್ದೆ.

ಅವಳು ಎತ್ತರದವಳಲ್ಲ. ನನ್ನ ಭುಜಕ್ಕೆ ಬರುತ್ತಿದ್ದಳು. ನೀನು ನೋಡಿದ್ದು ಬುಟ್ಟಿಯೊಳಗಿನಿಂದ.

ಒಂದು ದಿನ ಮೇಲಿಂದ ಎರಡನೆಯ ಗುಂಡಿ ಯಂತ್ರಕ್ಕೆ ಸಿಕ್ಕಿ ಕಿತ್ತುಹೋಯಿತು. ಮರುದಿನ ದೊಡ್ಡ ಅಧಿಕಾರಿಗಳು ನೋಡಲು ಬರುವವರಿದ್ದರು. ಮನೆಯಲ್ಲಿ ನೀಲಿ ಗುಂಡಿ ಇರಲಿಲ್ಲ. ನನ್ನ ಬೋಧನೆಯ ಕೋಟಿನ ಕೆಳಗಿನ ಗುಂಡಿ ಕಿತ್ತು ನಾನೇ ಹೊಲಿದುಕೊಟ್ಟೆ. ಆ ಕೋಟು ಯಾವ ಬಣ್ಣದ್ದು ಅಂತ ನಿನಗೆ ಹೇಳಬೇಕಾಗಿಲ್ಲ. ಅಂಗಿಯ ಕಾಜ ಚಿಕ್ಕದಾಯಿತು, ಕತ್ತರಿಯಿಂದ ದೊಡ್ಡದು ಮಾಡಿದೆ. "ನಾಳೆಯಿಂದ ನನ್ನ ಎದೆ ಮೇಲೆ ನಿಮ್ಮ ಅರ್ಧ ಬೋಧನೆ ಇರುತ್ತೆ" ಅಂತ ಬಹಳ ನಕ್ಕಳು.

ಇದನ್ನು ನಾನು ಯಾರಿಗೂ ಹೇಳಿಲ್ಲ. ನಿನಗೆ ಹೇಳಬಲ್ಲವರು ಬೇರೆ ಯಾರೂ ಇರಲಿಲ್ಲ. ಜ್ವರದಲ್ಲಿ ಅವಳು ಹೋದ ಮೇಲೆ ಅಂಗಿಯನ್ನು ಆಸ್ಪತ್ರೆಗೆ ಹಿಂತಿರುಗಿಸಿದೆ.

ನಿನ್ನ ಕನಸಿಗೆ ಬಂದವಳು ನಿನ್ನ ಅತ್ತೆ ಹೇಳಿದವರಲ್ಲ. ನಿನ್ನ ತಾಯಿ. ಬಂದಳೋ, ಅಥವಾ ಮೊದಲಿನಿಂದ ನಿನ್ನೊಳಗೇ ಇದ್ದಳೋ, ಅದನ್ನು ಹೇಳುವಷ್ಟು ಓದು ನನಗಿಲ್ಲ.

ಇದನ್ನು ತಿಳಿದ ಮೇಲೆ ಏನು ಮಾಡಬೇಕೋ ಮಾಡು. ದೀಕ್ಷಾಸ್ನಾನದ ಪತ್ರ ಕೇಳಿದ್ದೀಯ. ಅದನ್ನೂ ಇದನ್ನೂ ಒಂದೇ ಲಕೋಟೆಯಲ್ಲಿ ಹಾಕಲು ಕೈ ಬರಲಿಲ್ಲ.

ಅಪ್ಪ


ಮಾರ್ಚ್ 2

ಅಪ್ಪಾ,

ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದೆ. ಪುಟ್ಟಿ ಚಮಚದಿಂದ ಪಾತ್ರೆ ಬಡಿಯುತ್ತಿದ್ದಳು. ಓದಿ ಮುಗಿಸಿ, ಅವಳ ಪಕ್ಕ ನೆಲದ ಮೇಲೆ ಮಲಗಿ, ಅಲ್ಲಿಂದ ಅವಳಿಗೆ ನಾನು ಹೇಗೆ ಕಾಣುತ್ತೇನೆ ಅಂತ ನೋಡಲು ಕತ್ತೆತ್ತಿದೆ. ಅತ್ತೆ ಬಂದು "ಬಿದ್ಯಾ?" ಅಂತ ಕೂಗಿಕೊಂಡರು.

ಅವತ್ತಿನಿಂದ ಕನಸು ಬಂದಿಲ್ಲ. ಯಾರು ಅಂತ ಗೊತ್ತಾದ ಕೂಡಲೇ ಬರುವುದನ್ನು ನಿಲ್ಲಿಸಿದಳು. ಆದರೆ ನಿದ್ದೆ ಬರುತ್ತಿದೆ. ಅಮ್ಮನನ್ನು ಕೊಟ್ಟು ನಿದ್ದೆ ಕೊಂಡುಕೊಂಡೆನಾ ಅಂತ ಎದ್ದ ಕೂಡಲೇ ಅನ್ನಿಸುತ್ತದೆ.

ಫಾದರ್‌ಗೆ ಹೋಗಿ ಗುಂಡಿಯಿಂದ ಹಿಡಿದು ಎಲ್ಲ ಹೇಳಿದೆ. ಅವರು ಕುರ್ಚಿ ಪೇರಿಸುತ್ತಲೇ ಕೇಳಿಸಿಕೊಂಡರು. "ಕನಸು ಅರ್ಜಿ ಜೊತೆ ಲಗತ್ತಿಸೋ ದಾಖಲೆ ಅಲ್ಲಮ್ಮಾ. ಅದಿಲ್ಲದೇನೂ ಬರ್ತೀರಾ, ಇಲ್ವಾ? ನನಗೆ ಅಷ್ಟೇ ಗೊತ್ತಾಗ್ಬೇಕು" ಅಂದರು. ಯೋಚನೆ ಮಾಡಿ ಹೇಳುತ್ತೇನೆ ಅಂತ ಹೊರಗೆ ಬಂದೆ.

ಫಾದರ್‌ಗೆ ಹೇಳುವುದು ಸುಲಭ. ಅತ್ತೆಗೆ ಹೇಳುವುದು ಇತ್ತಲ್ಲ. ಅವರು ಜಾಗರಣೆ ಪೂಜೆಗೆ ಅಂತ ನನಗೆ ಬಿಳಿ ಬಟ್ಟೆ ಹೊಲಿಯುತ್ತಿದ್ದರು. ತುಟಿಗಳ ನಡುವೆ ಗುಂಡುಸೂಜಿ ಇಟ್ಟುಕೊಂಡಿದ್ದರು. ಅವರು ಮಾತಾಡಲಾಗದ ಆ ಸಮಯವೇ ಒಳ್ಳೆಯದು ಅನ್ನಿಸಿತು.

"ಅತ್ತೆ, ಅದು ದೇವಮಾತೆ ಅಲ್ಲ. ನಮ್ಮಮ್ಮ." ನಿಮ್ಮ ಕಾಗದ ಓದಿ ಹೇಳಿದೆ.

ಅವರು ಗುಂಡುಸೂಜಿಗಳನ್ನು ತೆಗೆದು ಡಬ್ಬಿಗೆ ಹಾಕಿದರು. "ಆ ಗುಂಡಿ ನನಗೂ ಅವತ್ತೇ ಚುಚ್ಚಿತ್ತು ಕಣೇ."

"ಮತ್ಯಾಕೆ ಹೇಳ್ಬೇಡ ಅಂದ್ರಿ?"

"ಯಾಕೆ ಅಂದ್ರೆ..." ಬಟ್ಟೆಯ ಅಂಚನ್ನು ಉಗುರಿನಿಂದ ಗೀರುತ್ತಾ ಕೂತರು. "ಹುಡುಗಿಯಾಗಿದ್ದಾಗಿಂದ ಜಪಸರ ಹಿಡ್ಕೊಂಡಿದ್ದೀನಿ. ಒಂದು ಕನಸಿಲ್ಲ ನನಗೆ. ಕಣ್ಣು ಮುಚ್ಚಿದ್ರೆ ಗ್ಯಾಸ್ ಆಫ್ ಮಾಡಿದ್ನಾ ಇಲ್ವಾ ಅನ್ನೋದೇ ಬರುತ್ತೆ. ನನ್ನ ಹತ್ರ ಬರ್ಲಿಲ್ಲ, ಹೋಗ್ಲಿ. ನನ್ನ ಮನೆಗಾದ್ರೂ ಬಂದ್ಳಲ್ಲಾ ಅಂದ್ಕೊಂಡೆ."

ಅವರ ಕೈ ಹಿಡಿದುಕೊಂಡೆ. ಎಳೆದುಕೊಂಡರು, ಸಿಟ್ಟಿನಿಂದಲೇ. "ಈಗ ಕ್ವಾಯರಿನವರ ಮುಂದೆ ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ?"

"ನಾನೇ ಹೇಳ್ತೀನಿ ಅತ್ತೆ."

"ನೀನು ಹೇಳಿದ್ರೆ ಅಳ್ತೀಯ. ಊರಿಗೆಲ್ಲ ಹಂಚಿದ ಬಾಯಿ ನಂದು, ವಾಪಸ್ ಇಸ್ಕೊಳ್ಳೋದೂ ನಾನೇ."

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಕತ್ತಲಾಗುವ ಹೊತ್ತಿಗೆ ಬಂದು, ಒಂದು ಲೋಟ ನೀರು ಕುಡಿದು, "ನಿಮ್ಮಮ್ಮನ ಹೆಸರೇನೇ?" ಅಂತ ಕೇಳಿದರು. ಇಷ್ಟು ವರ್ಷದಲ್ಲಿ ಮೊದಲ ಸಲ. ಹೇಳಿದೆ. ನನ್ನ ಬಾಯಿಗೇ ಅದು ಹೊಸದಾಗಿತ್ತು. ನಮ್ಮ ಮನೆಯಲ್ಲಿ ನಿಮಗೆ ಅವಳು 'ನಿನ್ನ ಅಮ್ಮ', ನನಗೆ 'ಅಮ್ಮ'. ಹೆಸರು ಹಿಡಿದು ಕರೆಯುವವರು ಯಾರಿದ್ದರು?

ಮರುದಿನ ಬೆಳಿಗ್ಗೆ ತಳ್ಳುಗಾಡಿ ಮತ್ತೆ ಅದೇ ದಾರಿ ಹಿಡಿಯಿತು. ಕನಸಿಲ್ಲ, ನಿದ್ದೆಯೂ ಆಗಿದೆ. ಇನ್ನು ಅಲ್ಲಿ ಏನು ಕೆಲಸ ಅಂತ ನನ್ನನ್ನು ನಾನೇ ಕೇಳಿಕೊಂಡೆ. ಕೆಂಪು ದೀಪ ಉರಿಯುತ್ತಿತ್ತು. ಮಂಡಿಯೂರಿದೆ. ಏಳಲು ಮನಸ್ಸಾಗಲಿಲ್ಲ. ಫಾದರ್‌ಗೆ ಬರುತ್ತೇನೆ ಅಂದೆ. ಎಲ್ಲರ ಮುಂದೆ ಮಾತಾಡುವುದಿಲ್ಲ ಅಂತಲೂ ಅಂದೆ.

ಮೊದಲಾದರೆ ಪರಲೋಕದಿಂದ ಕರೆ ಬಂತು, ನಾನೇನು ಮಾಡಲಿ ಅಂತ ನಿಮಗೆ ಹೇಳಬಹುದಿತ್ತು. ಈಗ ಆ ನೆಪವೂ ಇಲ್ಲ. ನಿಮ್ಮನ್ನು ನೋಯಿಸುತ್ತಿರುವವಳು ನಾನು, ನನ್ನ ಇಷ್ಟದಿಂದ, ಪೂರ್ತಿ ಎಚ್ಚರವಿದ್ದು.

ಇನ್ನೊಂದು ಕೇಳಬೇಕು. ಇಲ್ಲಿ ತೀರಿಕೊಂಡವರ ಹೆಸರನ್ನು ಪೂಜೆಯಲ್ಲಿ ಜೋರಾಗಿ ಓದಿ ಪ್ರಾರ್ಥಿಸುತ್ತಾರೆ. ಅಮ್ಮನ ಹೆಸರು ಕೊಡಲಾ? ಸತ್ತವರಿಗಾಗಿ ಬೇಡುವುದು ದೇವರನ್ನು ನಂಬದಿರುವುದು ಅಂತ ನೀವು ಕಲಿಸಿದ್ದೀರಿ. ಅವಳು ಎಲ್ಲಿದ್ದಾಳೆ ಅನ್ನುವುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಕೊಡಬೇಕು ಅನ್ನಿಸುತ್ತಿದೆ. ನೀವು ಬೇಡ ಅಂದರೆ ಕೊಡುವುದಿಲ್ಲ.

ಚಿಕ್ಕಿ


ಮಾರ್ಚ್ 23

ಮಗಳೇ,

ನೀನು ಕೇಳಿದ ಪತ್ರ ಇದರೊಳಗಿದೆ. ಮೊಹರು ಓರೆಯಾಗಿ ಬಿದ್ದಿದೆ, ಅದಕ್ಕೆ ನನ್ನ ಕೈ ಕಾರಣ, ಮನಸ್ಸಲ್ಲ. ನಿನ್ನ ಪಾದ್ರಿಯವರ ಪ್ರಶ್ನೆಗೆ ಉತ್ತರ: ಹೌದು, ನೀರೇ. ತಣ್ಣಗಿತ್ತು. ನೀನು ದೇವಾಲಯ ಹಾರಿಹೋಗುವ ಹಾಗೆ ಕಿರುಚಿದೆ. ನಿನ್ನ ಅಮ್ಮ ನಿನ್ನನ್ನು ನನ್ನ ಕೈಯಿಂದ ಕಸಿದುಕೊಂಡಳು. ಕೊನೆಯ ಆಶೀರ್ವಾದವನ್ನು ಬರಿಗೈಯಲ್ಲಿ ಹೇಳಿದೆ.

ಈಸ್ಟರಿಗೆ ನಾನು ಬರುವುದಿಲ್ಲ. ಬಂದು ಅಲ್ಲಿ ಮೇಣದ ಬತ್ತಿ ಹಿಡಿದು ನಿಂತರೆ, ನನ್ನ ಮಾತು ನಂಬಿ ಬದುಕಿದ ಜನರ ಮುಂದೆ ಮುಂದಿನ ಭಾನುವಾರ ಹೇಗೆ ನಿಲ್ಲಲಿ? ಒಂದು ಮಾತ್ರ ಒಪ್ಪುತ್ತೇನೆ. ತಾಯಿಯಿಲ್ಲದ ಮಗುವಿಗೆ ನಾನು ಬರೀ ಗೋಡೆ ತೋರಿಸಿ ಬೆಳೆಸಿದೆ. ಗೋಡೆ ತಪ್ಪು ಅನ್ನುವುದಿಲ್ಲ. ಮಗುವಿಗೆ ಅಷ್ಟು ಸಾಲದು ಅಂತ ಹೊಳೆಯಲಿಲ್ಲ.

ಹೆಸರಿನ ವಿಷಯ. ನಾನು ಅದನ್ನು ಒಪ್ಪುವುದಿಲ್ಲ. ಅಪ್ಪ ಒಪ್ಪಿದರು ಅಂತ ಯಾರಿಗೂ ಹೇಳಬೇಡ. ಆದರೆ ಓದಿಸು. ಯಾರಾದರೂ ಅವಳ ಹೆಸರನ್ನು ಜೋರಾಗಿ ಹೇಳಿ ಬಹಳ ವರ್ಷವಾಯಿತು.

ಅಪ್ಪ


ಏಪ್ರಿಲ್ 21

ಅಪ್ಪಾ,

ಆಯಿತು.

ಅದಕ್ಕೆ ಮುಂಚೆ ಪಾಪನಿವೇದನೆ ಮಾಡಬೇಕಿತ್ತು. ಮೊದಲು ನಿಮ್ಮ ವಿಷಯವನ್ನೇ ಹೇಳಿದೆ. "ಅಪ್ಪನನ್ನ ನೋಯಿಸಿದ್ದು ಪಾಪ ಅಂತೀರಾ, ಇಲ್ಲಿಗೆ ಬಂದಿದ್ದು ಪಾಪ ಅಂತೀರಾ?" ಅಂತ ಫಾದರ್ ಕೇಳಿದರು. "ಎರಡೂ ಒಂದೇ ಕೆಲಸ ಫಾದರ್" ಅಂದೆ. ಜಾಲರಿಯ ಆಚೆ ಅವರು ನಿದ್ದೆ ಹೋದರಾ ಅಂತ ನನಗೆ ಅನುಮಾನ ಬಂತು. ಆಮೇಲೆ, "ಹಾಗಾದ್ರೆ ಅವರಿಗೆ ಬರೀತಾ ಇರಿ, ಬಿಡ್ಬೇಡಿ" ಅಂದರು. ಅದೇ ನನ್ನ ಪ್ರಾಯಶ್ಚಿತ್ತ.

ಜಾಗರಣೆ ಪೂಜೆಯಲ್ಲಿ ನನ್ನ ಹಣೆಗೆ ಎಣ್ಣೆ ಹಚ್ಚಿದರು. ಪುಟ್ಟಿ ಅದನ್ನು ನೆಕ್ಕಲು ನೋಡಿದಳು. ಮರುದಿನದ ಪೂಜೆಯಲ್ಲಿ ಅಮ್ಮನ ಹೆಸರು ಓದಿದರು. ನನಗೆಲ್ಲಿ ಕೇಳಿಸಲಿಲ್ಲವೋ ಅಂತ ಅತ್ತೆ ಮೊಣಕೈಯಿಂದ ತಿವಿದರು. ನೋಡಿದರೆ ಅವರ ಕಣ್ಣಲ್ಲೇ ನೀರು. ಗುರುತಿಲ್ಲದ ಅಷ್ಟೂ ಜನ ಒಟ್ಟಿಗೆ ನನ್ನ ಅಮ್ಮನಿಗಾಗಿ ಒಂದು ಮಾತು ಹೇಳಿದರು ಅಪ್ಪಾ. ಅವಳ ಹೆಸರು ಇಷ್ಟು ದೊಡ್ಡ ಕೋಣೆಯನ್ನು ತುಂಬುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಎರಡು ದಿನವೂ ಬಾಗಿಲ ಕಡೆ ನೋಡುತ್ತಲೇ ಇದ್ದೆ. ಬರುವುದಿಲ್ಲ ಅಂತ ಬರೆದಿದ್ದಿರಿ, ಬರಲಿಲ್ಲ. ನೀವು ಯಾವತ್ತೂ ಮಾತಿಗೆ ತಪ್ಪುವವರಲ್ಲ. ಈ ಒಂದು ಸಲ ತಪ್ಪಬಹುದಿತ್ತು. ಹೀಗೆ ಬರೆಯುವ ಹಕ್ಕು ನನಗಿಲ್ಲ, ಗೊತ್ತು.

ಪುಟ್ಟಿಯನ್ನು ಕರೆದುಕೊಂಡು ಮೇ ತಿಂಗಳ ಮೊದಲ ಭಾನುವಾರ ಮನೆಗೆ ಬರಬಹುದಾ? ಮುಂಚೆಯಾದರೆ ಕೇಳುತ್ತಿರಲಿಲ್ಲ, ಬಂದು ಬಾಗಿಲು ಬಡಿಯುತ್ತಿದ್ದೆ. ಈಗ ಕೇಳಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದೇ ನನ್ನನ್ನು ಒಳಗಿನಿಂದ ಕೊರೆಯುತ್ತಿದೆ.

ನಿಮ್ಮ
ಚಿಕ್ಕಿ


ಏಪ್ರಿಲ್ 29

ಮಗಳೇ,

ಬರಬಹುದಾ ಅಂತ ಕೇಳಿದ್ದೀಯ. ಆ ಪ್ರಶ್ನೆಯನ್ನು ನಿನ್ನ ಬಾಯಿಗೆ ಹಾಕಿದವನು ನಾನು, ಅವತ್ತು ನಿನ್ನ ಕೈ ಹಿಡಿದುಕೊಂಡು ರಸ್ತೆ ದಾಟಿದಾಗ. ಮೊನ್ನೆ ಬಡಗಿಯ ಮಗ ಎದುರಿಗೆ ಬಂದ. ನಾನು ದಾಟಲಿಲ್ಲ, ನಿಂತೆ. ನನ್ನನ್ನು ನೋಡಿ ಅವನೇ ರಸ್ತೆ ದಾಟಿ ಆ ಕಡೆಗೆ ಹೋದ.

ಅಂಗಿಯನ್ನು ಆಸ್ಪತ್ರೆಗೆ ಹಿಂತಿರುಗಿಸಿದೆ ಅಂತ ಬರೆದಿದ್ದೆ. ಪೂರ್ತಿ ಹೇಳಬೇಕು ಅಂತ ನಿನಗೆ ಉಪದೇಶ ಮಾಡಿದವನು ನಾನೇ ಪೂರ್ತಿ ಹೇಳಿರಲಿಲ್ಲ. ಕೊಡುವ ಮುಂಚೆ ಗುಂಡಿ ಕಿತ್ತುಕೊಂಡೆ. ಅಂಗಿ ಅವರದು, ಗುಂಡಿ ನಮ್ಮದು. ನನ್ನ ಶೇವಿಂಗ್ ಡಬ್ಬಿಯಲ್ಲಿದೆ. ಬೆಳಿಗ್ಗೆ ಬ್ಲೇಡ್ ತೆಗೆಯುವಾಗ ಕೈಗೆ ತಗಲುತ್ತದೆ. ತಗಲಲಿ ಅಂತಲೇ ಅಲ್ಲಿಟ್ಟದ್ದು. ಇಂಥದಕ್ಕೆ ನಿನ್ನ ಪಾದ್ರಿಯವರು ಪವಿತ್ರ ಅವಶೇಷ ಅಂತ ದೊಡ್ಡ ಹೆಸರಿಟ್ಟು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ ಅಂತ ಗೊತ್ತು. ಅದರ ವಿರುದ್ಧ ನಾನು ಎಷ್ಟು ಬೋಧಿಸಿದ್ದೇನೆ ಅಂತ ನಿನಗೂ ಗೊತ್ತು. ಇದು ಅದಲ್ಲ. ಇದು ಗುಂಡಿ.

ಗುಂಡಿ ಅಂದ ಮೇಲೆ ಕೋಟಿನ ಮೇಲೆ ಇರಬೇಕು. ನನ್ನ ಕಣ್ಣಿಗೆ ಈಗ ಸೂಜಿಯ ಕಣ್ಣು ಕಾಣುವುದಿಲ್ಲ. ನೀನೇ ಬಂದು ಹೊಲಿ.

ಭಾನುವಾರ ಬೇಡ. ಅವತ್ತು ನಿನಗೂ ಕೆಲಸ, ನನಗೂ ಕೆಲಸ. ಸೋಮವಾರ ಬಾ. ಮಗುವನ್ನು ಬೆಚ್ಚಗೆ ಸುತ್ತಿಕೊಂಡು ಬಾ. ಕಂದು ದಾರ ನೀನೇ ತಾ. ಈ ಮನೆಯಲ್ಲಿ ಕಪ್ಪು ಮಾತ್ರ ಇದೆ.

ಅಪ್ಪ